ಮುಂದಿನ ಓದು: ಜೇನ್ ಆಸ್ಟಿನ್ ಅವರ ‘ಪರ್ಸುಯೇಷನ್’

ಎಲ್ಲರಿಗೂ ನಮಸ್ಕಾರ. ನೋವುಂಡ ಇಬ್ಬರ ಪ್ರೇಮಕಥೆ ಬೇಕು ಅಂತ ಹೋದ ಸಲ ಜಾಸ್ತಿ ಜನ ಕೇಳಿದ್ದಿರಿ. ಲೇಖಕಿ ತೀರಿಕೊಂಡ ಮೇಲೆ, 1817ರ ಕೊನೆಯಲ್ಲಿ ಅಚ್ಚಾದ ಈ ಕಾದಂಬರಿಯನ್ನು ಆರಿಸಿದ್ದೇವೆ. ಒಟ್ಟು 24 ಅಧ್ಯಾಯ. ಭಾನುವಾರಕ್ಕೆ ಮೊದಲ 12 ಓದಿಕೊಂಡು ಬನ್ನಿ. ಇಂಗ್ಲಿಷ್ ಪಠ್ಯ ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನೋ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಕಥಾನಾಯಕಿ ಆ್ಯನ್‌ಗೆ 27 ವರ್ಷ. ತಾಯಿಯ ಸ್ಥಾನದಲ್ಲಿದ್ದ ಹಿರಿಯರೊಬ್ಬರ ಮಾತು ಕೇಳಿ, 8 ವರ್ಷದ ಹಿಂದೆ, ತಾನು ಪ್ರೀತಿಸುತ್ತಿದ್ದ ವೆಂಟ್‌ವರ್ತ್‌ನನ್ನು ಬೇಡ ಅಂದವಳು. ಆಗ ಕೈಯಲ್ಲಿ ಕಾಸಿಲ್ಲದ ಅವನು ಈಗ ನೌಕಾಪಡೆಯ ಕ್ಯಾಪ್ಟನ್. ದುಡ್ಡೂ ಇದೆ, ಸಿಟ್ಟೂ ಇದೆ. ಎದುರುಬದುರಾದರೂ ಬರೀ ಮರ್ಯಾದೆಯ ಮಾತು. 9ನೇ ಅಧ್ಯಾಯ ಮಾತ್ರ ನಿಧಾನವಾಗಿ ಓದಿ. ಪುಟ್ಟ ಹುಡುಗನೊಬ್ಬ ಆ್ಯನ್ ಬೆನ್ನಿಗೆ ಜೋತುಬಿದ್ದು ಇಳಿಯುವುದೇ ಇಲ್ಲ. ವೆಂಟ್‌ವರ್ತ್ ತುಟಿಪಿಟಕ್ಕೆನ್ನದೆ ಬಂದು ಹುಡುಗನ ಕೈ ಬಿಡಿಸಿ ಎತ್ತಿಕೊಂಡು ಹೋಗುತ್ತಾನೆ. ಅವಳಿಗೆ ಥ್ಯಾಂಕ್ಸ್ ಹೇಳಲೂ ಬಾಯಿ ಬರುವುದಿಲ್ಲ.

ನನಗೆ ಇಷ್ಟವಾದವನು ವೆಂಟ್‌ವರ್ತ್‌ನ ಗೆಳೆಯ ಬೆನ್‌ವಿಕ್. ಮದುವೆಯಾಗಬೇಕಿದ್ದ ಹುಡುಗಿ ತೀರಿಹೋಗಿ, ಸುಮ್ನೆ ದುಃಖದ ಪದ್ಯಗಳಲ್ಲೇ ಮುಳುಗಿರುತ್ತಾನೆ. ‘ಸ್ವಲ್ಪ ಗದ್ಯವನ್ನೂ ಓದಿ’ ಅಂತ ಆ್ಯನ್ ಬುದ್ಧಿ ಹೇಳುತ್ತಾಳೆ. ಆಮೇಲೆ, ಈ ಮಾತು ಹೇಳೋಕೆ ನಾನ್ಯಾರು ಅಂತ ಅವಳಿಗೇ ನಗು!

ಮೊದಲ ಮೂರು ಅಧ್ಯಾಯ ಆ್ಯನ್ ಅಪ್ಪನ ಜಂಬ, ಸಾಲದ ಗೋಳು. ಎಳೆಯುತ್ತದೆ ನಿಜ, ಬಿಡಬೇಡಿ. ಪೂರ್ತಿ ಓದಿದವರು ಕೊನೆಯಲ್ಲಿ ಬರುವ ಪತ್ರದ ವಿಷಯ ಇಲ್ಲಿ ಹಾಕಬೇಡಿ, ಪ್ಲೀಸ್. ಅದಕ್ಕೆ ಅಂತಲೇ ಮುಂದಿನ ತಿಂಗಳ ಭೇಟಿ ಇದೆ. ಈ ಭಾನುವಾರ ಬರಲಾಗದವರು ಶನಿವಾರ ಸಂಜೆಯೊಳಗೆ ತಿಳಿಸಿ.