ಮುಳುಗುವ ಬೋಟಿನಲ್ಲಿ ಬಟನ್ ಒತ್ತುವವರು ಯಾರು?

ಕರಾವಳಿಯ ಮಾನ್ಯ ಸಂಸದರಿಗೆ,

ನಮಸ್ಕಾರ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟನ್ನು ತಾವು ಮರೆತಿರಲಾರಿರಿ. ಅದರಲ್ಲಿ ಏಳು ಜನ ಇದ್ದರು. ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. 15ರ ರಾತ್ರಿಯ ಬಳಿಕ ಸಂಪರ್ಕ ಕಡಿಯಿತು. ಅವಶೇಷ ಪತ್ತೆಯಾದದ್ದು 2019ರ ಮೇ 1ರಂದು. ಮಹಾರಾಷ್ಟ್ರದ ಮಾಲ್ವಣ್ ತೀರದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, 60 ಮೀಟರ್ ಆಳದಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಅದನ್ನು ಪತ್ತೆ ಮಾಡಿತು. ಬಂದರಿನ ಲೆಕ್ಕದಲ್ಲಿ ಹೇಳುವುದಾದರೆ ಮೂವತ್ತಮೂರು ಮಾರು ನೀರು. ಮೂವತ್ತಮೂರು ಮಾರು ನೀರಿನಡಿ ಬಿದ್ದಿದ್ದ ಬೋಟ್ ಸಿಗಲು ನಾಲ್ಕೂವರೆ ತಿಂಗಳು ಹಿಡಿಯಿತು! ಅಷ್ಟೂ ದಿನ ಏಳು ಮನೆಗಳಲ್ಲಿ ದೀಪ ಹಚ್ಚಿ ಕಾದವರು, ಬದುಕಿದ್ದಾರೆಂದು ನಂಬಲೂ ಆಗದೆ ಸತ್ತಿದ್ದಾರೆಂದು ಒಪ್ಪಲೂ ಆಗದೆ ಇದ್ದರು.

ಹಡಗು ಬಡಿದೇ ಬೋಟ್ ಮುಳುಗಿತು ಎಂಬ ಆರೋಪ ಮೀನುಗಾರರಲ್ಲಿದೆ. ಆದರೆ ಆ ರಾತ್ರಿ ಯಾವ ಹಡಗು, ಯಾರ ತಪ್ಪು ಎಂಬ ವಾದವನ್ನು ಇಲ್ಲಿ ಎತ್ತುವುದಿಲ್ಲ. ಬೇಕಿರುವುದು ಎರಡೇ ವಸ್ತು. ಆಳಸಮುದ್ರಕ್ಕೆ ಹೋಗುವ ಪ್ರತಿ ಬೋಟಿಗೂ, ಅದರ ಉದ್ದ ಎಷ್ಟೇ ಇರಲಿ, ಬೋಟಿನ ಗುರುತು ಮತ್ತು ಜಾಗವನ್ನು ಎದುರಿನ ಹಡಗಿಗೆ ತೋರಿಸುವ ಎಐಎಸ್ ಎಂಬ ರೇಡಿಯೊ ಯಂತ್ರ ಕೊಡಿಸಿ. ಬೋಟ್ ಮುಳುಗಿದರೆ ತಾನೇ ಬಿಡಿಸಿಕೊಂಡು ಮೇಲೆ ತೇಲಿ ಉಪಗ್ರಹಕ್ಕೆ ಕೂಗುವ ಇಪಿಐಆರ್‌ಬಿ ಎಂಬ ಬೀಕನ್ ಕೊಡಿಸಿ.

ಟ್ರಾನ್ಸ್‌ಪಾಂಡರ್ ಕೊಟ್ಟಿದ್ದೇವಲ್ಲ ಎಂಬ ಉತ್ತರ ಬರುತ್ತದೆಂದು ಗೊತ್ತು. ಹೌದು, 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಪ್ರಧಾನಿಯವರು ಆ ಯೋಜನೆಗೆ ಚಾಲನೆ ಕೊಟ್ಟರು. ಕರಾವಳಿಯ 13 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 1 ಲಕ್ಷ ಬೋಟುಗಳಿಗೆ ಇಸ್ರೊ ತಂತ್ರಜ್ಞಾನದ ಯಂತ್ರ, ಖರ್ಚು ಸುಮಾರು 360 ಕೋಟಿ ರೂಪಾಯಿ. ಅದು ಒಳ್ಳೆಯ ಯಂತ್ರ, ಅದನ್ನು ತೆಗಳುವ ಉದ್ದೇಶ ಈ ಪತ್ರಕ್ಕಿಲ್ಲ. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಉಪಗ್ರಹದ ಮೂಲಕ ಎರಡೂ ಕಡೆಯಿಂದ ಸಂದೇಶ ಹೋಗುತ್ತದೆ, ಚಂಡಮಾರುತದ ಎಚ್ಚರಿಕೆ ಬರುತ್ತದೆ, ಗಡಿ ದಾಟುವ ಮೊದಲು ಸೂಚನೆ ಸಿಗುತ್ತದೆ. ಆದರೆ ಆ ಯಂತ್ರ ಮಾತಾಡುವುದು ದಡದ ಜೊತೆ. ಬೋಟ್ ಎಲ್ಲಿದೆ ಎಂಬುದು ಉಪಗ್ರಹಕ್ಕೆ ಹೋಗಿ, ಅಲ್ಲಿಂದ ಭೂಮಿಗೆ ಇಳಿದು, ನಿಗಾ ಕೇಂದ್ರದ ಪರದೆಯಲ್ಲಿ ಕಾಣುತ್ತದೆ. ಐದು ಮೈಲಿ ಆಚೆಯಿಂದ ನೇರ ಬೋಟಿನ ಮೇಲೇ ಬರುತ್ತಿರುವ ಹಡಗಿನ ಬ್ರಿಡ್ಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ನಿಂತ ಅಧಿಕಾರಿಗೆ ಅದು ಕಾಣುವುದಿಲ್ಲ. ಅವನಿಗೆ ಕಾಣುವುದು ರೇಡಾರ್, ಎಐಎಸ್ ಮತ್ತು ಕಣ್ಣಿಗೆ ಬಿದ್ದ ದೀಪ ಮಾತ್ರ. ಡಿಕ್ಕಿ ತಪ್ಪಿಸಬೇಕಾದವನು ಅವನು. ಈ ವ್ಯತ್ಯಾಸವನ್ನು ಇನ್ನೆಷ್ಟು ಸಭೆಗಳಲ್ಲಿ ವಿವರಿಸಬೇಕು ಸ್ವಾಮಿ?

ಎಐಎಸ್ ಉಪಗ್ರಹವನ್ನು ಕಾಯುವುದಿಲ್ಲ. ಮೆರೈನ್ ವಿಎಚ್‌ಎಫ್‌ನ 161.975 ಮತ್ತು 162.025 ಮೆಗಾಹರ್ಟ್ಸ್‌ನಲ್ಲಿ ಬೋಟಿನ ಹೆಸರು, ಗುರುತು ಸಂಖ್ಯೆ, ಜಾಗ, ವೇಗ, ದಿಕ್ಕುಗಳನ್ನು ಸುತ್ತಲಿನ ಎಲ್ಲ ಹಡಗಿಗೂ ನೇರವಾಗಿ ಸಾರುತ್ತದೆ. ಸಣ್ಣ ಬೋಟಿಗೆ ಕ್ಲಾಸ್ ಬಿ ಎಂಬ ಕಡಿಮೆ ಶಕ್ತಿಯ ಎಐಎಸ್ ಸಾಕು. ಅದರ ಸಾಮಾನ್ಯ ಮಾದರಿಯ ಶಕ್ತಿ 2 ವಾಟ್. ಆಂಟೆನಾ ಎತ್ತರದಲ್ಲಿದ್ದು ಕೇಬಲ್ ಚೆನ್ನಾಗಿದ್ದರೆ ಐದರಿಂದ ಎಂಟು ನಾಟಿಕಲ್ ಮೈಲಿಗೆ ಮುಟ್ಟುತ್ತದೆ. 20 ನಾಟ್, ಅಂದರೆ ಗಂಟೆಗೆ 20 ನಾಟಿಕಲ್ ಮೈಲಿ, ವೇಗದ ಹಡಗು ಐದು ಮೈಲಿ ದಾಟಲು 15 ನಿಮಿಷ ಬೇಕು. ಹಡಗು ತಿರುಗಲು ಅಷ್ಟು ಹೊತ್ತು ಧಾರಾಳ.

ಇದಕ್ಕೂ ಒಂದು ಮಿತಿ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಬೋಟ್ 2 ನಾಟ್‌ಗಿಂತ ವೇಗವಾಗಿ ಹೋಗುತ್ತಿದ್ದರೆ ಕ್ಲಾಸ್ ಬಿ 30 ಸೆಕೆಂಡಿಗೊಮ್ಮೆ ಸಾರುತ್ತದೆ. ನಿಂತಿದ್ದರೆ ಅಥವಾ ನೀರಿನ ಸೆಳೆತಕ್ಕೆ ತೇಲುತ್ತಿದ್ದರೆ 3 ನಿಮಿಷಕ್ಕೊಮ್ಮೆ. ಆ ಮೂರು ನಿಮಿಷದಲ್ಲಿ 20 ನಾಟ್‌ನ ಹಡಗು ಒಂದು ನಾಟಿಕಲ್ ಮೈಲಿ, 30 ನಾಟ್‌ನ ಯುದ್ಧನೌಕೆ ಒಂದೂವರೆ ಮೈಲಿ ಮುಂದೆ ಬಂದಿರುತ್ತದೆ. ಬೋಟಿನ ಕೆಲಸಗಾರರಾದ ಕಲಾಸಿಗಳು ಮಲಗಿ ಬೋಟ್ ಸುಮ್ಮನೆ ತೇಲುವ ಹೊತ್ತೇ ಅದು ಅತಿ ಕಡಿಮೆ ಮಾತಾಡುವ ಹೊತ್ತು. ಹಾಗಾಗಿ ಎಐಎಸ್ ಜೊತೆ ಕ್ಯಾಬಿನ್ ಮೇಲೊಂದು ಲೋಹದ ರೇಡಾರ್ ರಿಫ್ಲೆಕ್ಟರ್ ಇರಲೇಬೇಕು. ಮರ ಮತ್ತು ಫೈಬರ್ ಬೋಟುಗಳು ರೇಡಾರ್ ತರಂಗವನ್ನು ಸರಿಯಾಗಿ ವಾಪಸ್ ಕಳಿಸುವುದಿಲ್ಲ. ಅಲೆ ಎದ್ದ ದಿನ ಹಡಗಿನವರು ರೇಡಾರ್‌ನ ಅಲೆಗದ್ದಲ ಕಡಿಮೆ ಮಾಡಲು ಗುಬುಟು ತಿರುಗಿಸುತ್ತಾರೆ, ಆ ಗದ್ದಲದ ಜೊತೆ ಬೋಟಿನ ಚುಕ್ಕೆಯೂ ಅಳಿಸಿಹೋಗುತ್ತದೆ. ದೀಪದ ಕಥೆಯೂ ಅಷ್ಟೆ. ಬಲೆ ಎಳೆಯುವ ಬೋಟ್ ಹಸಿರು ಮೇಲೆ, ಬಿಳಿ ಕೆಳಗೆ ತೋರಿಸಬೇಕು. ಆದರೆ ಮೀನು ಆರಿಸಲು ಹಚ್ಚಿದ ದೊಡ್ಡ ಎಲ್‌ಇಡಿಗಳ ಬೆಳಕಿನಲ್ಲಿ ಆ ಎರಡು ದೀಪ ಕಾಣುವುದೇ ಇಲ್ಲ. ಆಚೆಯವನಿಗೆ ಒಂದು ಬೆಳಕಿನ ಮುದ್ದೆ ಕಾಣುತ್ತದೆ, ಬೋಟ್ ಯಾವ ಕಡೆ ಹೋಗುತ್ತಿದೆ ಎಂಬುದು ತಿಳಿಯುವುದಿಲ್ಲ.

ಈಗಿನ ನಿಯಮ 20 ಮೀಟರ್‌ಗಿಂತ ಉದ್ದದ ಬೋಟಿಗೆ ಎಐಎಸ್ ಕಡ್ಡಾಯ ಎನ್ನುತ್ತದೆ. ನಿಯಮ ತಮಗೆ ಗೊತ್ತಿರುವುದೇ. ಹದಿನೆಂಟು ಮೀಟರ್‌ನ ಬೋಟೂ ಅದೇ ನೀರಿಗೆ ಹೋಗುತ್ತದೆ, ಹತ್ತು ಹನ್ನೆರಡು ದಿನ ಅಲ್ಲೇ ಇರುತ್ತದೆ, ಅದೇ ಹಡಗುಗಳ ದಾರಿಯಲ್ಲಿ ಬಲೆ ಎಳೆಯುತ್ತದೆ. ಬಡಿಯುವ ಹಡಗು ಟೇಪ್ ಹಿಡಿದು ಅಳತೆ ನೋಡುತ್ತದೆಯೇ? ಉದ್ದವನ್ನು ಬಿಡಿ, ಹೋಗುವ ದೂರವನ್ನು ನೋಡಿ. 12 ನಾಟಿಕಲ್ ಮೈಲಿ ದಾಟುವ ಪ್ರತಿ ಬೋಟಿಗೂ ಎಐಎಸ್ ಬೇಕು.

ಸುವರ್ಣ ತ್ರಿಭುಜದ ನಂತರವೂ ಸಮುದ್ರ ಸುಮ್ಮನಿರಲಿಲ್ಲ. 2021ರ ಏಪ್ರಿಲ್ 13ರ ನಸುಕಿನಲ್ಲಿ ನವಮಂಗಳೂರಿನಿಂದ 43 ನಾಟಿಕಲ್ ಮೈಲಿ ದೂರದಲ್ಲಿ ಬೇಪೂರಿನ ರಬಾ ಬೋಟಿಗೂ ಸಿಂಗಪುರ ಧ್ವಜದ ಕಂಟೇನರ್ ಹಡಗಿಗೂ ಡಿಕ್ಕಿಯಾಯಿತು. ಹದಿನಾಲ್ಕು ಜನರಲ್ಲಿ ಜೀವಂತ ಸಿಕ್ಕಿದ್ದು ಇಬ್ಬರು. 2024ರ ನವೆಂಬರ್ 21ರಂದು ಗೋವಾದಿಂದ ಸುಮಾರು 70 ನಾಟಿಕಲ್ ಮೈಲಿ ದೂರದಲ್ಲಿ ಮಾರ್ಥೋಮ ಎಂಬ ಮೀನುಗಾರಿಕೆ ಬೋಟ್ ನೌಕಾಪಡೆಯ ಜಲಾಂತರ್ಗಾಮಿಗೆ ಡಿಕ್ಕಿಯಾಯಿತು. ಹದಿಮೂರು ಜನರಲ್ಲಿ ಹನ್ನೊಂದು ಮಂದಿಯನ್ನು ನೌಕಾಪಡೆಯೇ ರಕ್ಷಿಸಿತು, ಇಬ್ಬರು ಉಳಿಯಲಿಲ್ಲ.

ಯುದ್ಧನೌಕೆ ಮತ್ತು ಜಲಾಂತರ್ಗಾಮಿ ತಾವಿರುವ ಜಾಗವನ್ನು ಎಐಎಸ್‌ನಲ್ಲಿ ಸಾರಬೇಕಾಗಿಲ್ಲ. ಅಂತಾರಾಷ್ಟ್ರೀಯ ನಿಯಮವೇ ಅವಕ್ಕೆ ವಿನಾಯಿತಿ ಕೊಟ್ಟಿದೆ. ದೇಶ ಕಾಯುವ ಹಡಗು ತನ್ನ ಜಾಗ ಹೇಳಿಕೊಂಡು ತಿರುಗಲಿ ಎಂದು ಬಂದರಿನ ಯಾರೂ ಕೇಳುವುದಿಲ್ಲ. ಆದರೆ ಅದಕ್ಕಾಗಿಯೇ ಬೋಟ್ ಅವರಿಗೆ ಕಾಣಬೇಕು. ನೀರಿನಡಿ ಇರುವ ಜಲಾಂತರ್ಗಾಮಿ ಬೋಟುಗಳನ್ನು ಸದ್ದಿನಿಂದ ಗುರುತಿಸುತ್ತದೆ. ಎಂಜಿನ್ ನಿಧಾನಕ್ಕಿಳಿಸಿ ಅಥವಾ ಬಂದ್ ಮಾಡಿ ತೇಲುವ ಬೋಟಿನಲ್ಲಿ ಸದ್ದು ಎಲ್ಲಿಂದ ಬರಬೇಕು? ಮೇಲೆ ಬರುವ ಮೊದಲು ಆಂಟೆನಾ ಇರುವ ಕಂಬವನ್ನು (ಮಾಸ್ಟ್) ನೀರಿನ ಮೇಲಕ್ಕೆ ಎತ್ತಿದಾಗ ಎಐಎಸ್ ಕೇಳಿಸಿದರೆ ಸುತ್ತಲಿನ ಬೋಟುಗಳ ಪಟ್ಟಿಯೇ ಸಿಗುತ್ತದೆ. ತಾನು ಬಾಯಿ ಬಿಡದೆ ಬೇರೆಯವರದನ್ನು ಕೇಳಿಸಿಕೊಳ್ಳಲು ಎಐಎಸ್‌ನಲ್ಲಿ ಸಾಧ್ಯ. ಕಾರವಾರದ ಸೀಬರ್ಡ್ ನೆಲೆಯ ಎರಡನೇ ಹಂತದಲ್ಲಿ 32 ಯುದ್ಧನೌಕೆ ಮತ್ತು ಜಲಾಂತರ್ಗಾಮಿಗಳಿಗೆ ಜಾಗವಾಗುತ್ತಿದೆ. ಈ ನೀರಿನಲ್ಲಿ ಅವುಗಳ ಓಡಾಟ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ನೌಕಾಪಡೆಯ ಮೇಲೆ ಇಲ್ಲಿ ಯಾರಿಗೂ ಹಗೆ ಇಲ್ಲ. 2025ರ ಜೂನ್‌ನಲ್ಲಿ ವಾನ್ ಹೈ 503 ಹಡಗಿಗೆ ಬೆಂಕಿ ಬಿದ್ದಾಗ 18 ನಾವಿಕರನ್ನು ಮಂಗಳೂರಿಗೆ ತಂದದ್ದು ಐಎನ್‌ಎಸ್ ಸೂರತ್.

ಇನ್ನು ಇಪಿಐಆರ್‌ಬಿ. ಈ ಪತ್ರದ ಜೀವ ಇರುವುದು ಇಲ್ಲಿ.

2010ರಿಂದ ಬೋಟುಗಳಲ್ಲಿರುವ, ಅಪಾಯದ ಸಂದೇಶ ಕಳಿಸುವ ಡ್ಯಾಟ್ ಯಂತ್ರದಲ್ಲಿ ಬೆಂಕಿ, ಮುಳುಗಡೆ, ವೈದ್ಯಕೀಯ ನೆರವು ಎಂದು ಆರಿಸಿ ಬಟನ್ ಒತ್ತಬೇಕು. 2024ರ ಹೊಸ ಡ್ಯಾಟ್‌ನಲ್ಲಿ ಸಂದೇಶ ತಲುಪಿತು ಎಂಬ ಉತ್ತರವೂ ಬರುತ್ತದೆ. ಎಂಜಿನ್ ಕೆಟ್ಟಾಗ, ಯಾರಿಗೋ ಎದೆನೋವು ಬಂದಾಗ ಅದು ದೇವರಂತೆ ಬರುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಏಳು ಸಾವಿರ ಟನ್ ಉಕ್ಕು ಬಡಿದಾಗ ಬಟನ್ ಒತ್ತುವವರು ಯಾರು? ಬೋಟ್ ನಡೆಸುವ ತಾಂಡೇಲ ಎಚ್ಚರಗೊಳ್ಳುವ ಮೊದಲೇ ಕ್ಯಾಬಿನ್‌ಗೆ ನೀರು ನುಗ್ಗಿರುತ್ತದೆ. ಗೋಡೆಗೆ ಬಿಗಿದ ಯಂತ್ರ ಬೋಟಿನ ಜೊತೆಯೇ ತಳ ಸೇರುತ್ತದೆ. ನೀರಿನಡಿಯಿಂದ ಅದರ ರೇಡಿಯೊ ತರಂಗ ಮೇಲಕ್ಕೆ ಬರುವುದಿಲ್ಲ.

ಇಪಿಐಆರ್‌ಬಿಗೆ ಯಾರ ಕೈಯೂ ಬೇಡ. ಅದರ ಪೆಟ್ಟಿಗೆಯಲ್ಲಿ ಹೈಡ್ರೋಸ್ಟ್ಯಾಟಿಕ್ ರಿಲೀಸ್ ಎಂಬ ಅಂಗೈಯಗಲದ ಭಾಗ ಇರುತ್ತದೆ. ಬೋಟ್ ಒಂದೂವರೆಯಿಂದ ನಾಲ್ಕು ಮೀಟರ್ ಒಳಗೆ ಇಳಿಯುವಷ್ಟರಲ್ಲಿ ನೀರಿನ ಒತ್ತಡಕ್ಕೆ ಅದರೊಳಗಿನ ಸ್ಪ್ರಿಂಗ್ ಬಿಟ್ಟು, ಬ್ಲೇಡ್ ಪ್ಲಾಸ್ಟಿಕ್ ಬೋಲ್ಟನ್ನು ಕತ್ತರಿಸುತ್ತದೆ. ಬೀಕನ್ ಮೇಲೆ ತೇಲಿ, ನೀರು ತಾಗಿದ ತಕ್ಷಣ ತಾನೇ ಚಾಲೂ ಆಗಿ 406 ಮೆಗಾಹರ್ಟ್ಸ್‌ನಲ್ಲಿ ಕನಿಷ್ಠ 48 ಗಂಟೆ ಕೂಗುತ್ತದೆ. ಅಪಾಯದ ಕರೆ ಹಿಡಿಯುವ ಅಂತಾರಾಷ್ಟ್ರೀಯ ವ್ಯವಸ್ಥೆಯಾದ ಕಾಸ್ಪಸ್-ಸಾರ್‌ಸ್ಯಾಟ್‌ನ ಉಪಗ್ರಹಗಳು ಅದನ್ನು ಹಿಡಿಯುತ್ತವೆ, ಬೆಂಗಳೂರು ಮತ್ತು ಲಖನೌದ ಭೂಕೇಂದ್ರಗಳಿಗೆ ಕಳಿಸುತ್ತವೆ, ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ ಹೋಗುತ್ತದೆ. ಜಿಪಿಎಸ್ ಇರುವ ಬೀಕನ್ ಆದರೆ ಜಾಗದ ಸಮೇತ, ನಿಮಿಷಗಳ ಲೆಕ್ಕದಲ್ಲಿ. ಹೆಲಿಕಾಪ್ಟರ್ ಹತ್ತಿರ ಬಂದಾಗ ಅದೇ ಬೀಕನ್‌ನ 121.5 ಮೆಗಾಹರ್ಟ್ಸ್ ಸಿಗ್ನಲ್ ಹಿಡಿದು ನೇರ ಅಲ್ಲಿಗೇ ತಲುಪಬಹುದು. ನಾಲ್ಕೂವರೆ ತಿಂಗಳು ಎಲ್ಲಿ, ನಿಮಿಷ ಎಲ್ಲಿ! ಭೂಕೇಂದ್ರ ನಮ್ಮದೇ ರಾಜಧಾನಿಯಲ್ಲಿದೆ. ಬೋಟಿನಲ್ಲಿ ಪೆಟ್ಟಿಗೆ ಇಲ್ಲ.

ಪೆಟ್ಟಿಗೆ ಹಂಚಿ ಫೋಟೊ ತೆಗೆಸಿಕೊಂಡರೆ ಮುಗಿಯುವುದಿಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಹೈಡ್ರೋಸ್ಟ್ಯಾಟಿಕ್ ರಿಲೀಸನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬ್ಯಾಟರಿಯ ಅವಧಿ ಅದರ ಮೇಲೇ ಬರೆದಿರುತ್ತದೆ. ನೋಂದಣಿ ಮಾಡಿಸದ ಬೀಕನ್ ಕೂಗಿದರೆ ಯಾರ ಬೋಟ್, ಯಾರಿಗೆ ಫೋನ್ ಮಾಡಬೇಕು ಎಂಬುದು ತಿಳಿಯುವುದಿಲ್ಲ. ಟಾರ್ಪಾಲ್ ಮಾಡಿನ ಕೆಳಗೋ ಬಲೆ ರಾಶಿಯ ಪಕ್ಕವೋ ಇಟ್ಟರೆ ಬಿಡಿಸಿಕೊಂಡರೂ ಮೇಲೆ ಬರಲಾಗದೆ ಸಿಕ್ಕಿಹಾಕಿಕೊಳ್ಳುತ್ತದೆ. ಕಳ್ಳರ ಭಯಕ್ಕೆ ನೈಲಾನ್ ಹಗ್ಗದಿಂದ ಬಿಗಿದರಂತೂ ಅದು ಬೋಟಿನ ಜೊತೆಯೇ ಮುಳುಗುತ್ತದೆ.

ಎಐಎಸ್‌ಗೂ ಹೀಗೇ. ವಯರ್‌ಲೆಸ್ ಸೆಟ್ ಮತ್ತು ಎಐಎಸ್‌ಗೆ ಒಂದೇ ಆಂಟೆನಾ ಸಾಕೆಂದು ಟಿ-ಜಾಯಿಂಟ್ ಹಾಕಿದರೆ ವಯರ್‌ಲೆಸ್‌ನ 25 ವಾಟ್ ನೇರ ಎಐಎಸ್‌ಗೆ ನುಗ್ಗಿ ಅದನ್ನು ಸುಡುತ್ತದೆ. ಬೇರೆ ಆಂಟೆನಾ ಬೇಕು, ಇಲ್ಲವೇ ಎಐಎಸ್‌ಗೆಂದೇ ಮಾಡಿದ ಸ್ಪ್ಲಿಟರ್ ಬೇಕು. ಕನೆಕ್ಟರಿಗೆ ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ಉಪ್ಪುನೀರು ಒಳಗಿಳಿದು ತಾಮ್ರ ಹಸಿರು ಕಟ್ಟುತ್ತದೆ. ಪರದೆಯಲ್ಲಿ ಎಲ್ಲ ಸರಿಯಿದ್ದಂತೆ ಕಾಣುತ್ತದೆ, ಸಿಗ್ನಲ್ ಮಾತ್ರ ಒಂದು ಮೈಲಿಯೂ ಹೋಗುವುದಿಲ್ಲ. ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಬೇಕು. 24 ವೋಲ್ಟ್‌ನ ಬೋಟಿಗೆ 12 ವೋಲ್ಟ್‌ನ ಅಗ್ಗದ ಸೆಟ್ ಕೊಟ್ಟರೆ ಮೊದಲ ದಿನವೇ ಸುಟ್ಟುಹೋಗುತ್ತದೆ. ಬೋಟಿನ ಗುರುತಾದ ಎಂಎಂಎಸ್‌ಐ ಸಂಖ್ಯೆಯನ್ನು ಮಾಲೀಕ ಒಮ್ಮೆ ಮಾತ್ರ ತುಂಬಿಸಬಹುದು. ಸೆಟ್ ಬೇರೆ ಬೋಟಿಗೆ ಹೋದರೆ ಸಮುದ್ರದಲ್ಲಿ ಹಳೆಯ ಬೋಟಿನ ಹೆಸರೇ ಓಡಾಡುತ್ತಿರುತ್ತದೆ. ಮೀನಿನ ಜಾಗ ಬೇರೆಯವರಿಗೆ ತಿಳಿಯಬಾರದೆಂದು ಎಐಎಸ್ ಬಂದ್ ಮಾಡುವ ಅಭ್ಯಾಸ ಮೀನುಗಾರರಲ್ಲೂ ಇದೆ. ಆ ತಪ್ಪು ನಮ್ಮ ಕಡೆಯದೇ, ಅದನ್ನು ಬಂದರಿನಲ್ಲೇ ತಿದ್ದಬೇಕು.

ಇಷ್ಟಕ್ಕೆ ಮಲ್ಪೆ, ಮಂಗಳೂರಿನ ದಕ್ಕೆ, ಗಂಗೊಳ್ಳಿಗಳಲ್ಲಿ ಒಂದೊಂದು ಪರೀಕ್ಷಾ ಕೊಠಡಿ ಸಾಕು. ಅಲ್ಲಿ ಆಂಟೆನಾ ಅಳೆಯುವ ಮೀಟರ್, ಎಐಎಸ್ ಪರೀಕ್ಷಿಸುವ ಯಂತ್ರ, ಬೀಕನ್ ಟೆಸ್ಟರ್, ರಿಲೀಸ್ ಮತ್ತು ಬ್ಯಾಟರಿಯ ದಾಸ್ತಾನು, ಕೆಲಸ ಬಲ್ಲ ಇಬ್ಬರು ಇರಬೇಕು. ಮಲ್ಪೆಯಲ್ಲಿ ಹಡಗು ಕಟ್ಟುವ ಯಾರ್ಡ್ ಇದೆ, ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ಇದೆ, ಪಣಂಬೂರಿನಲ್ಲಿ ಕೋಸ್ಟ್ ಗಾರ್ಡ್ ಇದೆ. ಜನ ಇಲ್ಲ ಎಂಬ ನೆಪ ಇಲ್ಲಿ ನಡೆಯದು. ನೌಕಾಪಡೆಯ ಗುಂಡಿನ ಅಭ್ಯಾಸದ ಎಚ್ಚರಿಕೆಗಳನ್ನು ಇದೇ ಕೊಠಡಿಯಿಂದ ಕನ್ನಡ, ತುಳುವಿನಲ್ಲಿ ವಯರ್‌ಲೆಸ್ ಮೂಲಕ ಓದಿಸಲಿ.

ಟ್ರಾನ್ಸ್‌ಪಾಂಡರ್ ಮೀನುಗಾರಿಕಾ ಸಚಿವಾಲಯದ್ದು, ಎಐಎಸ್ ನೌಕಾಯಾನದವರದ್ದು, ಸಮುದ್ರದ ರಕ್ಷಣೆ ರಕ್ಷಣಾ ಸಚಿವಾಲಯದ್ದು. ಮೂರು ಬಾಗಿಲು ತಟ್ಟಿ ಬಂದರಿನವರು ದಣಿದಿದ್ದಾರೆ. ಮೂರನ್ನೂ ಒಂದೇ ಮೇಜಿಗೆ ಕರೆಸುವ ಅಧಿಕಾರ ತಮಗಿದೆ, ನಮಗಿಲ್ಲ. ಕರೆಸಿ. 12 ಮೈಲಿ ದಾಟುವ ಪ್ರತಿ ಬೋಟಿಗೂ ಎಐಎಸ್ ಮತ್ತು ತಾನೇ ತೇಲುವ ಇಪಿಐಆರ್‌ಬಿ ಕೊಡಿಸಿ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ದಡದಲ್ಲಿರುತ್ತವೆ, ಬಣ್ಣ ಬಳಿಯುವಾಗಲೇ ಯಂತ್ರ ಕೂರಿಸಿ ಪರೀಕ್ಷಿಸಬಹುದು. ಆಗಸ್ಟ್‌ನಲ್ಲಿ ಅವು ಮತ್ತೆ ಅಳಿವೆ ದಾಟಿ ಹೋಗುತ್ತವೆ.

ಇತಿ,
ಬೋಟುಗಳಿಗೆ ವಯರ್‌ಲೆಸ್, ಜಿಪಿಎಸ್ ಕೂರಿಸುವ ಕೆಲಸಗಾರ,
ಮಲ್ಪೆ ಬಂದರು