ತಂಗುದಾಣದ ಹೆಸರು: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಅಧಿಕಾರದಲ್ಲಿರುವವರು ತಮ್ಮ ಹೆಸರಿನಿಂದಲೇ ಲಾಭ ಪಡೆಯಬಹುದೇ ಎಂದು ನಿನ್ನೆ ಗುಂಪಿನಲ್ಲಿ ಕೇಳಲಾದ ಪ್ರಶ್ನೆಯನ್ನು, ನಮ್ಮ ಬಸ್ ತಂಗುದಾಣದ ಮೇಲಿರುವ ಜನಪ್ರತಿನಿಧಿಯ ಹೆಸರಿನ ವಿಚಾರದೊಂದಿಗೆ, ಭಾನುವಾರದ ಸಭೆಯಲ್ಲಿ ಚರ್ಚಿಸೋಣ. ಡೊನಾಲ್ಡ್ ಟ್ರಂಪ್ ಅಧ್ಯಕ್ಷರಾದ ಮರುತಿಂಗಳೇ, 2017ರ ಫೆಬ್ರವರಿಯಲ್ಲಿ, ಅವರು ಹತ್ತು ವರ್ಷಗಳಿಂದ ಹೋರಾಡುತ್ತಿದ್ದ ‘ಟ್ರಂಪ್’ ಟ್ರೇಡ್‌ಮಾರ್ಕನ್ನು (ವ್ಯಾಪಾರದಲ್ಲಿ ಆ ಹೆಸರನ್ನು ತಾವು ಮಾತ್ರ ಬಳಸುವ ಹಕ್ಕನ್ನು) ಚೀನಾ ನೋಂದಾಯಿಸಿತು. ಅಧ್ಯಕ್ಷರು ವಿದೇಶಿ ಸರ್ಕಾರಗಳಿಂದ ಲಾಭ ಪಡೆಯುವುದು ಸಂವಿಧಾನಬಾಹಿರವೆಂದು ಹೂಡಿದ್ದ ಮೊಕದ್ದಮೆಗಳು, ಅವರು ಹುದ್ದೆಯಿಂದಿಳಿದ ಕಾರಣ 2021ರ ಜನವರಿಯಲ್ಲಿ ತೀರ್ಪಿಲ್ಲದೆಯೇ ಮುಗಿದವು. ಇದು ನನಗೆ ಇಂದಿಗೂ ಒಪ್ಪಿಗೆಯಾಗದ ಮಾತು.

ನಮ್ಮಲ್ಲಿ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆಯು ಪ್ರಧಾನಿಯ ಹೆಸರು, ಚಿತ್ರಗಳನ್ನು ಕೇಂದ್ರದ ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸದಂತೆ ತಡೆಯುತ್ತದೆ. ಅದು ನಿಷೇಧಿಸಿದ ಗುರುತುಗಳನ್ನು 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ ನೋಂದಾಯಿಸುವಂತಿಲ್ಲ. ಶಾಸಕರ, ಪಾಲಿಕೆ ಸದಸ್ಯರ ಹೆಸರುಗಳು ಆ ಪಟ್ಟಿಯಲ್ಲಿಲ್ಲ. ಕದ್ರಿಯ ನಮ್ಮ ಬಸ್ ತಂಗುದಾಣವನ್ನೇ ನೋಡಿ: ತೆರಿಗೆಯ ಹಣದಲ್ಲಿ ಕಟ್ಟಿದ ಅದರ ಹಣೆಯ ಮೇಲೆ ಜನಪ್ರತಿನಿಧಿಯ ಹೆಸರು ಊರಿನ ಹೆಸರಿಗಿಂತ ದೊಡ್ಡದಾಗಿದೆ, ಬಸ್ಸಿನ ರೂಟ್ ನಂಬರುಗಳ ಹಲಗೆ ಅರ್ಧ ಮರೆಯಾಗಿದೆ, ಮಳೆಗಾಲದಲ್ಲಿ ಮುದುಕರು ಕೊಡೆ ಹಿಡಿದು ಹೊರಗೆ ಬಂದು ಅದನ್ನು ಓದಬೇಕಾಗಿದೆ. ಹೆಸರು ಬರೆಸಲು ಅನುಮತಿ ಕೊಟ್ಟವರು ಯಾರು, ಖರ್ಚು ಯಾರದು ಎಂದು ಮಾಹಿತಿ ಹಕ್ಕಿನಡಿ ಕೇಳಲು ಅರ್ಜಿ ಸಿದ್ಧವಾಗಿದೆ. ಶುಲ್ಕ 10 ರೂಪಾಯಿ. ಫೋಟೋ ಇರುವವರು ಶನಿವಾರದೊಳಗೆ ಇಲ್ಲಿಯೇ ಹಾಕಬೇಕಾಗಿ ವಿನಂತಿ.