ಹಬ್ಬದ ದಿನವೂ ಕರ್ತವ್ಯದಲ್ಲಿರುವವರು

ಮಾನ್ಯ ಸಂಪಾದಕರೇ,

ಕ್ರಿಸ್‌ಮಸ್ ಸಮೀಪಿಸಿದಂತೆ ದೂರದ ನೆಲೆಗಳಲ್ಲಿರುವ ಸೈನಿಕರನ್ನು ಹೊಗಳುವ ಸಂದೇಶಗಳು ಹೆಚ್ಚುತ್ತವೆ. ಆದರೆ ಅವರಿಗೆ ಹೊಗಳಿಕೆಗಿಂತ ಹೆಚ್ಚಾಗಿ ಬೇಕಿರುವುದು ಮನೆಯವರ ಪತ್ರ ಎಂಬುದು ನನ್ನ ಅಭಿಪ್ರಾಯ. ಮೊದಲ ಮಹಾಯುದ್ಧ ನಡೆಯುತ್ತಿದ್ದ 1914ರ ಕ್ರಿಸ್‌ಮಸ್‌ಗೆ ಬ್ರಿಟಿಷ್ ಯೋಧರಿಗೆ ರಾಜಕುಮಾರಿ ಮೇರಿಯ ಹೆಸರಿನ ನಿಧಿಯಿಂದ ಹಿತ್ತಾಳೆಯ ಪುಟ್ಟ ಪೆಟ್ಟಿಗೆಗಳಲ್ಲಿ ಉಡುಗೊರೆ ಕಳುಹಿಸಿದಾಗ, ಧೂಮಪಾನ ಮಾಡದವರಿಗೆ ತಂಬಾಕಿನ ಬದಲು ಬೇರೆ ವಸ್ತುಗಳನ್ನು ಇಡುವಷ್ಟು ಕಾಳಜಿ ವಹಿಸಲಾಗಿತ್ತು. ಅದೇ ಹಬ್ಬದಂದು ಪಶ್ಚಿಮ ರಂಗದ, ಅಂದರೆ ಫ್ರಾನ್ಸ್-ಬೆಲ್ಜಿಯಂ ಯುದ್ಧಭೂಮಿಯ, ಕೆಲವೆಡೆ ಎದುರಾಳಿ ಸೈನಿಕರು ಕಂದಕಗಳಿಂದ ಹೊರಬಂದು ಕೈಕುಲುಕಿದ್ದನ್ನು ಎಲ್ಲರೂ ಸ್ಮರಿಸುತ್ತಾರೆ. (ಮೇಲಧಿಕಾರಿಗಳಿಗೆ ಅದು ಹಿಡಿಸಲಿಲ್ಲವೆಂಬುದನ್ನು ಹೇಳುವವರು ಕಡಿಮೆ.)

ಈಗ ವಿಡಿಯೊ ಕರೆ ಇದೆಯಲ್ಲ ಎನ್ನುವವರಿದ್ದಾರೆ. ನೀರಿನಾಳದಲ್ಲಿ ಸಾಗುವ ಜಲಾಂತರ್ಗಾಮಿಯ ಸಿಬ್ಬಂದಿಗೆ ಆ ಸೌಲಭ್ಯವಿಲ್ಲ. ಕಾರ್ಯಾಚರಣೆಯ ಗೋಪ್ಯತೆಗಾಗಿ ಸಂಪರ್ಕ ನಿರ್ಬಂಧಿಸಿದಾಗ ನೆಲದ ಮೇಲಿರುವವರಿಗೂ ಇರುವುದಿಲ್ಲ. ಇದ್ದರೂ, ಕಾಲಮಾನದ ವ್ಯತ್ಯಾಸದಿಂದಾಗಿ ಮಕ್ಕಳು ಉಡುಗೊರೆ ಬಿಚ್ಚುವ ಹೊತ್ತಿಗೆ ತಂದೆಯೋ ತಾಯಿಯೋ ನಡುರಾತ್ರಿಯ ಪಹರೆಯಲ್ಲಿರಬಹುದು. ಪತ್ರವನ್ನಾದರೆ ಬಿಡುವಾದಾಗ ತೆರೆಯಬಹುದು, ಮತ್ತೆ ಮತ್ತೆ ಓದಬಹುದು. ಸೇನಾ ಅಂಚೆ ತಲುಪಲು ವಾರಗಳೇ ಹಿಡಿಯಬಹುದಾದ್ದರಿಂದ, ಹಬ್ಬಕ್ಕೆ ಮುಂಚೆ ಪಾರ್ಸೆಲ್ ಕಳುಹಿಸಲು ಕೊನೆಯ ದಿನಾಂಕವನ್ನು ಪತ್ರಿಕೆಗಳು ನವೆಂಬರ್‌ಗೂ ಮೊದಲೇ, ಓದುಗರ ಕಣ್ಣಿಗೆ ಬೀಳುವಂತೆ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ